ಕಡಲ ದಂಡೆ ಗುಡಿಸಿದ ಊರು

“ಗುರುಗಳೇ, ಊರೆಲ್ಲ ಬಾಚಿಕೊಳ್ಳುತ್ತಿರುವಾಗ ನಾವೊಬ್ಬರೇ ಕೈಕಟ್ಟಿ ಕುಳಿತರೆ ಏನು ಬಂತು?”

ಹೀಗೆ ಕೇಳಿದವನು ಜಟ್ಟಪ್ಪನೆಂಬ ಶಿಷ್ಯ. ಮಠ ಸೇರುವ ಮೊದಲು ಅವನು ಹೊಳೆಯಲ್ಲಿ ಮೀನು ಹಿಡಿಯುವವರ ಮನೆಯ ಹುಡುಗ. ಅವನ ಅಣ್ಣಂದಿರು ಈಗಲೂ ಅದೇ ಕೆಲಸ ಮಾಡುತ್ತಾರೆ. ಮಳೆಗಾಲ ಹಿಡಿಯುವಾಗ ಮೀನುಗಳು ಮೊಟ್ಟೆಯಿಡಲು ಕಡಲಿನಿಂದ ಹೊಳೆಗೆ ಏರಿ ಬರುತ್ತವೆ. ಆಗ ಹೊಳೆಯ ಬಾಯಿಗೆ ಬಲೆ ಕಟ್ಟಬೇಡಿ ಎಂದು ಗುರುಗಳು ಹೇಳಿದ್ದರು. ಜಟ್ಟಪ್ಪ ಮನೆಗೆ ಹೋಗಿ ಅಣ್ಣಂದಿರನ್ನು ಕಾಡಿ ಬೇಡಿ ಒಪ್ಪಿಸಿದ್ದ. ಅವರು ಬಲೆ ಮಡಚಿ ಅಟ್ಟಕ್ಕೆ ಹಾಕಿದರು. ಎದುರು ದಡದವರು ಮಾತ್ರ ಎಂದಿನಂತೆ ಬಲೆ ಕಟ್ಟಿದರು. ಅವರ ಬುಟ್ಟಿ ತುಂಬುವುದನ್ನು ಅಣ್ಣಂದಿರು ಈ ದಡದಲ್ಲಿ ಕುಳಿತು ನೋಡಬೇಕಾಯಿತು.

“ಅತ್ತಿಗೆ ನನ್ನ ಮುಖ ನೋಡುವುದನ್ನೇ ಬಿಟ್ಟಿದ್ದಾರೆ. ಮಕ್ಕಳಿಗೆ ಹೊಟ್ಟೆ ತುಂಬ ಊಟವಿಲ್ಲ. ಇವತ್ತು ಹೋಗಿ, ಬಲೆ ಇಳಿಸಿ ಎಂದು ಹೇಳಿಬಿಡಲೇ?” ಎಂದು ಜಟ್ಟಪ್ಪ ಕೇಳಿದ.

ಗುರುಗಳು ಹೇಳು ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಕುಳಿತುಕೋ ಎಂದು ಕೈ ತೋರಿಸಿ, ಈ ಕತೆ ಹೇಳಿದರು.

ಕಡಲ ದಂಡೆಯಲ್ಲಿ ಒಂದು ಊರು. ಮನೆಗಳೆಲ್ಲ ಒಂದೇ ಸಾಲಿನಲ್ಲಿ ಕಡಲಿಗೆ ಮುಖ ಮಾಡಿ ನಿಂತಿದ್ದವು. ಯಾರ ಮನೆಯ ಮುಂದೆ ಎಷ್ಟು ಮರಳೋ ಅಷ್ಟು ಅವರದು. ಅಲ್ಲಿ ಮೀನು ಒಣಗಿಸುತ್ತಿದ್ದರು, ಬಲೆ ಹರವುತ್ತಿದ್ದರು. ಆ ಜಾಗಕ್ಕೆ ಪಟ್ಟಿ ಎನ್ನುತ್ತಿದ್ದರು.

ಚಳಿ ಬೀಳುವ ಹೊತ್ತಿಗೆ ಆ ಪಟ್ಟಿಗಳಿಗೆ ಕಡಲಾಮೆಗಳು ಬರುತ್ತಿದ್ದವು. ಕತ್ತಲಲ್ಲಿ ಮೇಲೇರಿ ಬಂದು, ಮರಳು ತೋಡಿ, ಮೊಟ್ಟೆಯಿಟ್ಟು, ಮುಚ್ಚಿ, ಬೆಳಗಾಗುವ ಮೊದಲು ಹಿಂತಿರುಗುತ್ತಿದ್ದವು. ಕಡಲಾಮೆಗೆ ಒಂದು ಹಟವಿದೆ. ಎಷ್ಟು ದೂರ ಈಜಿ ಹೋಗಿದ್ದರೂ ಮೊಟ್ಟೆಯಿಡುವ ಕಾಲಕ್ಕೆ ಅದು ತಾನು ಹುಟ್ಟಿದ ದಂಡೆಗೇ ಬರುತ್ತದೆ. ಊರವರಿಗೆ ಇದು ಗೊತ್ತಿತ್ತು. ಆದ್ದರಿಂದ ಅವರು ಅದನ್ನು ಆಮೆ ಎಂದು ಕರೆಯುತ್ತಿರಲಿಲ್ಲ. ಹೆರಿಗೆಗೆ ತವರಿಗೆ ಬಂದ ಮಗಳು ಎನ್ನುತ್ತಿದ್ದರು.

ಹಾಗೆಂದು ಅವರು ಮೊಟ್ಟೆ ಮುಟ್ಟದ ಪುಣ್ಯವಂತರೇನಲ್ಲ. ತಿನ್ನುತ್ತಿದ್ದರು. ಹಸಿದವನು ತಿನ್ನುತ್ತಾನೆ, ಅದರಲ್ಲಿ ಮುಚ್ಚಿಡುವುದೇನಿದೆ? ಆದರೆ ಒಂದು ಕಟ್ಟಳೆ ಇತ್ತು. ಆ ವರ್ಷದ ಮೊದಲ ಆಮೆ ಯಾರ ಪಟ್ಟಿಗೆ ಬಂದಿತೋ ಆ ಮನೆಗೆ ಮೊದಲ ಮಗಳು ಬಂದಳು ಎಂದು ಅರ್ಥ. ಆ ಮನೆಯವರು ಮುಂದಿನ ಚಳಿಯವರೆಗೆ ತಮ್ಮ ಪಟ್ಟಿಯಲ್ಲಿ ಒಂದು ಮೊಟ್ಟೆಯನ್ನೂ ಅಗೆಯುವಂತಿಲ್ಲ. ಮೊದಲು ಬಂದವಳದ್ದೂ ಇಲ್ಲ, ಆಮೇಲೆ ಬಂದವರದ್ದೂ ಇಲ್ಲ. ಅದು ಬಾಣಂತಿ ಇರುವ ಮನೆ. ಉಳಿದ ಮನೆಯವರು ಅಲ್ಲಿಗೆ ಅಕ್ಕಿ, ಬೆಲ್ಲ ಕಳಿಸುತ್ತಿದ್ದರು. ಒಂದು ವರ್ಷ ಒಬ್ಬರ ಪಟ್ಟಿ, ಇನ್ನೊಂದು ವರ್ಷ ಇನ್ನೊಬ್ಬರದು. ಹೀಗೆ ಪ್ರತಿ ವರ್ಷ ಒಂದಷ್ಟು ಮರಿಗಳು ಕಡಲು ಸೇರುತ್ತಿದ್ದವು. ತಾಯಾಮೆಯನ್ನಂತೂ ಯಾರೂ ಮುಟ್ಟುತ್ತಿರಲಿಲ್ಲ. ಮೊದಲ ಮಗಳು ಈ ಸಲ ನಮ್ಮ ಮನೆಗೇ ಬರಲಿ ಎಂದು ಹೆಂಗಸರು ಹರಕೆ ಹೊರುತ್ತಿದ್ದ ಕಾಲ ಅದು.

ಆ ಊರಿಗೆ ಒಬ್ಬ ವ್ಯಾಪಾರಿ ಬಂದ. ಮೊಟ್ಟೆ ಕೊಂಡ. ಎಷ್ಟು ತಂದರೂ ಬೇಡವೆನ್ನದೆ ಕೊಂಡ. ಆಮೆಯ ಮೊಟ್ಟೆ ತಿಂದರೆ ಮೈಗೆ ಬಲ ಬರುತ್ತದೆ ಎಂದು ನಂಬುವವರು ಪಟ್ಟಣದಲ್ಲಿ ಇದ್ದರಂತೆ. ಮರುವರ್ಷ ತಾಯಿಯನ್ನೂ ಕೇಳಿದ. ಮಾಂಸಕ್ಕೆ ಒಬ್ಬ ಗಿರಾಕಿ, ಎಣ್ಣೆಗೆ ಇನ್ನೊಬ್ಬ, ಚಿಪ್ಪಿಗೆ ಮತ್ತೊಬ್ಬ. ಮೊಟ್ಟೆಯಿಡಲು ಬಂದ ಆಮೆಯನ್ನು ಹಿಡಿಯಲು ಬಲೆ ಬೇಡ, ಈಟಿ ಬೇಡ. ಅದು ಓಡುವುದಿಲ್ಲ. ಅಂಗಾತ ಮಗುಚಿ ಹಾಕಿದರೆ ಸಾಕು. ಮೊದಲ ಸಲ ಮಗುಚಿದವನು ಮುಖ ಆಚೆ ತಿರುಗಿಸಿಕೊಂಡನಂತೆ. ಎರಡನೆಯ ಸಲ ತಿರುಗಿಸಿಕೊಳ್ಳಲಿಲ್ಲ.

ಆಗ ಕಟ್ಟಳೆ ಭಾರವಾಯಿತು. ಊರೆಲ್ಲ ಅಗೆಯುತ್ತಿರುವಾಗ ತನ್ನ ಪಟ್ಟಿಯೊಂದೇ ಸುಮ್ಮನಿರಬೇಕೆಂದರೆ ಯಾರು ಒಪ್ಪುತ್ತಾರೆ? ಕಟ್ಟಳೆ ಮುರಿಯಲು ಭಯ. ಪಾಲಿಸಲು ಆಸೆ ಬಿಡದು. ಮನುಷ್ಯನ ಬುದ್ಧಿ ಇಂಥ ಕಡೆಯಲ್ಲೇ ಚುರುಕಾಗುತ್ತದೆ.

ಆಮೆ ಮರಳಿನ ಮೇಲೆ ತೆವಳಿ ಹೋದರೆ ಗಾಡಿ ಹೋದ ಹಾಗೆ ಜಾಡು ಉಳಿಯುತ್ತದೆ. ಜಾಡು ಕಂಡರೆ ತಾನೇ ಮೊದಲ ಮಗಳು ಬಂದದ್ದು ಊರಿಗೆ ಗೊತ್ತಾಗುವುದು? ಒಬ್ಬ ಬೆಳಕು ಹರಿಯುವ ಮುಂಚೆ ಎದ್ದು, ತೆಂಗಿನ ಕಡ್ಡಿಯ ಪೊರಕೆ ಹಿಡಿದು, ತನ್ನ ಪಟ್ಟಿಯ ಮೇಲಿನ ಜಾಡು ಗುಡಿಸಿದ. ಊರು ಎದ್ದ ಮೇಲೆ ಹೇಳಿದ, “ನಮ್ಮನಿಗೆ ಬರ್ಲಿಲ್ಲ ಮಾರಾಯ. ಪಕ್ಕದ ಮನಿಗೆ ಬಂದಾಳೆ ಕಾಣ್ತದೆ.”

ಪಕ್ಕದ ಮನೆಯವನು ಇವನಿಗಿಂತ ಮೊದಲೇ ಎದ್ದು ಗುಡಿಸಿ ಮುಗಿಸಿದ್ದ. ಅವನು ತನ್ನ ಪಕ್ಕದ ಮನೆ ತೋರಿಸಿದ. ಆ ಮನೆಯವನೂ ಪೊರಕೆ ಕೆಳಗಿಡದೆಯೇ ಇನ್ನೊಂದು ಮನೆ ತೋರಿಸಿದ. ಜನ್ಮದಲ್ಲಿ ಮನೆಯಂಗಳ ಗುಡಿಸದ ಗಂಡಸರೆಲ್ಲ ಕಡಲಂಗಳ ಗುಡಿಸತೊಡಗಿದರು. ಆ ಕರಾವಳಿಯಲ್ಲಿ ಅಷ್ಟು ಚೊಕ್ಕಟವಾದ ದಂಡೆ ಇನ್ನೊಂದಿರಲಿಲ್ಲ. ನಗಬೇಡ ಜಟ್ಟಪ್ಪ, ಅವರು ಬಹಳ ಶ್ರದ್ಧೆಯಿಂದ ಗುಡಿಸುತ್ತಿದ್ದರು.

ಸಾಲಿನ ಕೊನೆಯಲ್ಲಿ ಒಬ್ಬ ವಿಧವೆಯ ಮನೆ. ಇಂಥ ಕತೆಗಳಲ್ಲಿ ಹೆಸರು ಹೇಳುವ ರೂಢಿಯಿಲ್ಲ. ಆದರೆ ಊರೆಲ್ಲ ಬೈದ ಹೆಸರು ಅದು, ಒಮ್ಮೆಯಾದರೂ ಮರ್ಯಾದೆಯಿಂದ ಹೇಳಬೇಕು. ಅವಳ ಹೆಸರು ಮಂಕಾಳಿ. ಒಣಮೀನು ಮಾರಿ ಬದುಕುತ್ತಿದ್ದಳು. ಅವಳ ಮನೆಯಲ್ಲೂ ಪೊರಕೆ ಇತ್ತು. ಅಂಗಳ ಗುಡಿಸಿ ಅದನ್ನು ಮೂಲೆಗಿಡುತ್ತಿದ್ದಳು, ಅಷ್ಟೆ. ಆದ್ದರಿಂದ ಊರಿನಲ್ಲಿ ಜಾಡು ಉಳಿಯುತ್ತಿದ್ದುದು ಅವಳ ಪಟ್ಟಿಯಲ್ಲಿ ಮಾತ್ರ.

ಮೊದಲ ಮಗಳು ಮಂಕಾಳಿಯ ಮನೆಗೇ ಬಂದಳು ಎಂದು ಊರು ಸಮಾಧಾನದಿಂದ ಹೇಳಿತು. ಮರುವರ್ಷವೂ ಅದನ್ನೇ ಹೇಳಿತು. ಆಮೇಲೆ ಪ್ರತಿ ವರ್ಷ ಹೇಳಿತು. ಕಟ್ಟಳೆಯೂ ಉಳಿಯಿತು, ವ್ಯಾಪಾರವೂ ನಡೆಯಿತು. ಅಕ್ಕಿ ಬೆಲ್ಲ ಕಳಿಸುವುದೊಂದನ್ನು ಎಲ್ಲರೂ ಮರೆತರು.

ಮಂಕಾಳಿ ಜಗಳಕ್ಕೆ ಹೋಗಲಿಲ್ಲ. ನಾಯಿ ನರಿ ಬಾರದಂತೆ ತನ್ನ ಪಟ್ಟಿಯ ಗೂಡುಗಳ ಸುತ್ತ ಕೇದಗೆಯ ಮುಳ್ಳೆಲೆ ಊರಿದಳು. ಮರಿಗಳು ಕಡಲಿಗೆ ಹೊರಟ ದಿನ ಒಂದು ಹಿಡಿ ಅಕ್ಕಿ ಎರಚಿ, ಮಗಳನ್ನು ಗಂಡನ ಮನೆಗೆ ಕಳಿಸುವಾಗ ಹೇಳುವಂತೆ, “ಹೋಗಿ ಬನ್ನಿ” ಎಂದಳು. ನೋಡಿದವರು ನಕ್ಕರು. ಸಾವಿರ ಮರಿ ಹೋದರೆ ಒಂದು ಉಳಿದೀತು. ಅದು ಇವಳ ಮಾತು ನೆನಪಿಟ್ಟುಕೊಂಡು ಬರುತ್ತದೆಯೇ?

ಅಷ್ಟು ಅಗೆದರೂ, ಅಷ್ಟು ಮಗುಚಿದರೂ, ಬಹಳ ವರ್ಷ ಆಮೆಗಳು ಬರುತ್ತಲೇ ಇದ್ದವು. ಊರನ್ನು ಕೆಡಿಸಿದ್ದು ಇದೇ. ಕಡಲಿಗೆ ಏನು ಕಡಿಮೆಯಾಯಿತು ಎಂದು ವ್ಯಾಪಾರಿ ಕೇಳುತ್ತಿದ್ದ. ಊರು ತಲೆಯಾಡಿಸುತ್ತಿತ್ತು. ಹೆರಿಗೆಗೆ ಬರುವವಳು ನಿನ್ನೆ ಹುಟ್ಟಿದವಳಲ್ಲ ಎಂಬುದು ಯಾರಿಗೂ ಹೊಳೆಯಲಿಲ್ಲ. ಆಗ ಬರುತ್ತಿದ್ದವೆಲ್ಲ ಹಿಂದಿನವರು ಅಗೆಯದೆ ಬಿಟ್ಟ ಮೊಟ್ಟೆಗಳಿಂದ ಹುಟ್ಟಿದವು. ಅಜ್ಜಂದಿರು ಹಸಿವು ತಡೆದುಕೊಂಡು ಬಿಟ್ಟದ್ದನ್ನು ಮೊಮ್ಮಕ್ಕಳು ಬುಟ್ಟಿ ತುಂಬಿ ಮಾರುತ್ತಿದ್ದರು.

ಕಡೆಗೆ ಬುಟ್ಟಿ ಬರಿದಾಗುತ್ತ ಬಂತು. ಒಂದು ವರ್ಷ ಮಂಕಾಳಿಯ ಪಟ್ಟಿ ಬಿಟ್ಟು ಬೇರೆಲ್ಲೂ ಒಂದು ಗೂಡೂ ಸಿಗಲಿಲ್ಲ. ವ್ಯಾಪಾರಿ ಅವಳ ಬಾಗಿಲಿಗೆ ಬಂದ. ಬರಿಗೈಯಲ್ಲಿ ಬರಲಿಲ್ಲ. ಅವಳ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಾಳೆ, ಮನೆಯಲ್ಲಿ ಅಕ್ಕಿಯ ಮಡಕೆ ತಳ ಕಂಡಿದೆ ಎಂಬುದು ಅವನಿಗೆ ಗೊತ್ತಿತ್ತು. ಅಕ್ಕಿ, ತುಪ್ಪ, ಬೆಲ್ಲ, ಎಣ್ಣೆ, ಕಾಳುಮೆಣಸು, ಬೆಳ್ಳುಳ್ಳಿ, ಹೀಗೆ ಬಾಣಂತಿಗೆ ಬೇಕಾದ್ದನ್ನೆಲ್ಲ ಜಗಲಿಯ ಮೇಲೆ ಇಳಿಸಿದ.

“ನೀನು ಅಗೆಯೂದು ಬೇಡ ಮಾರಾಯ್ತಿ,” ಎಂದ. “ಇವತ್ತೊಂದು ಸಂಜೆ ಒಳಗೆ ಮಗಳ ಹತ್ರ ಕೂತಿರು. ಹೊರಗೆ ಎಂತ ಆಯ್ತೋ ನಿಂಗೆ ಗೊತ್ತಿಲ್ಲ. ಯಾರೋ ಬಂದ್ರು, ಯಾರೋ ಹೋದ್ರು. ಅಷ್ಟೇ ಅಲ್ವಾ?”

ಮಂಕಾಳಿ ಅಕ್ಕಿಯ ಮೂಟೆ ನೋಡಿದಳು. ಅವಳಿಗೆ ಆಸೆಯಾಗಲಿಲ್ಲ ಎಂದರೆ ನಾನು ಸುಳ್ಳು ಹೇಳಿದಂತೆ. ಆಸೆಯಾಯಿತು. ಬರೀ ಗಂಜಿಯಲ್ಲಿ ಬಾಣಂತನ ಮಾಡಿದರೆ ಮಗಳು ಸೊರಗುತ್ತಾಳೆ. ಹಾಲು ಬತ್ತಿದರೆ ಕೂಸು ಉಳಿಯುತ್ತದೋ ಇಲ್ಲವೋ. ಆಮೆಯ ಮಕ್ಕಳಿಗಾಗಿ ತನ್ನ ಮಗಳ ಮಗುವನ್ನು ಪಣಕ್ಕಿಡಲು ಯಾವ ತಾಯಿಗೆ ಮನಸ್ಸು ಬರುತ್ತದೆ? ಅವಳು ಮೂಟೆಯ ಮೇಲೆ ಕೈಯಿಟ್ಟಳು.

ಒಳಗೆ ಮಲಗಿದ್ದ ಮಗಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅಲ್ಲಿಂದಲೇ ಹೇಳಿದಳು, “ಅಮ್ಮ, ನಾನೂ ಹೆರೂಕೆ ಅಂತ ಇಲ್ಲಿಗೆ ಬಂದವಳು. ಹೆರೂಕೆ ಬಂದವಳ ಮಕ್ಕಳನ್ನ ಮಾರಿ ನನ್ನ ಬಾಣಂತನ ಮಾಡಬೇಡ.”

ಮಂಕಾಳಿ ಕೈ ತೆಗೆದಳು. ವ್ಯಾಪಾರಿ ತಂದದ್ದನ್ನೆಲ್ಲ ಹಿಂದಕ್ಕೆ ಹೊರಿಸಿಕೊಂಡು, ಈ ಮನೆಗೆ ಬುದ್ಧಿ ಬರುವುದಿಲ್ಲ ಎಂದು ಬೈಯುತ್ತ ಹೋದ. ಅವಳು ಪಟ್ಟಿಯ ಮೇಲೆ ಚಾಪೆ ಹಾಸಿ ಕಾವಲು ಕುಳಿತಳು.

ಮಗಳು ಹೆತ್ತಳು. ಹೆಣ್ಣು ಮಗು. ಬಾಣಂತನ ಗಂಜಿಯಲ್ಲೇ ನಡೆಯಿತು. ತಾಯಿ ಸೊರಗಿದಳು, ಆದರೆ ಉಳಿದಳು. ಕೂಸೂ ಉಳಿಯಿತು. ಕೂಸನ್ನು ತೊಟ್ಟಿಲಿಗೆ ಹಾಕಿದ ದಿನವೇ ಸಂಜೆ ಪಟ್ಟಿಯ ಮರಳು ಅಲುಗಿತು. ಅಂಗೈಗಿಂತ ಚಿಕ್ಕ ಮರಿಗಳು ಒಂದರ ಮೇಲೊಂದು ಹತ್ತಿ ಹೊರಗೆ ಬಂದವು. ಮಂಕಾಳಿ ಮಡಕೆಯ ತಳ ಕೆರೆದು ಅರ್ಧ ಹಿಡಿ ಅಕ್ಕಿ ತಂದು ಎರಚಿದಳು. ಮಗಳು ಕೂಸನ್ನೆತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು. ತಾಯಿ ಮಗಳು ಇಬ್ಬರೂ ಒಟ್ಟಿಗೆ “ಹೋಗಿ ಬನ್ನಿ” ಎಂದರು.

ಮರುವರ್ಷ ಒಂದು ಆಮೆಯೂ ಬರಲಿಲ್ಲ. ಮಂಕಾಳಿಯ ಪಟ್ಟಿಗೂ ಬರಲಿಲ್ಲ. ಅವಳ ಪಟ್ಟಿಯಿಂದ ಇಳಿದವರನ್ನೂ ಊರು ನೀರಂಚಿನಲ್ಲಿ ಮಗುಚಿತ್ತು. ತಾಯಂದಿರೆಲ್ಲ ತೀರಿಹೋಗಿದ್ದರು, ಬರುವವರು ಯಾರು? ವ್ಯಾಪಾರಿ ತಕ್ಕಡಿ ಕಟ್ಟಿಕೊಂಡು ಬೇರೆ ಊರಿಗೆ ಹೋದ. ಪೊರಕೆಗಳು ಮೂಲೆ ಸೇರಿದವು.

ಆಮೇಲೆ ಊರು ಏನೇನು ಕಳೆದುಕೊಂಡಿತು ಎಂಬುದು ಒಂದೊಂದಾಗಿ ತಿಳಿಯಿತು. ಮುಟ್ಟಿದರೆ ಮೈ ಉರಿಯುವ ಲೋಳೆ ಜೀವಿಗಳು ಬಲೆ ತುಂಬ ಬರತೊಡಗಿದವು. ಅವನ್ನು ತಿನ್ನುತ್ತಿದ್ದ ಆಮೆಗಳು ಕಡಲಿನಲ್ಲಿ ಇರಲಿಲ್ಲ. ಮಗನಿಗೆ ಹೆಣ್ಣು ಕೇಳಲು ಬೇರೆ ಊರಿಗೆ ಹೋದರೆ, ಮಗಳು ತವರಿಗೆ ಬಾರದ ಊರು ನಿಮ್ಮದು ಎಂದು ಮುಖದ ಮೇಲೆ ಹೇಳಿದರು. ಅದು ಎಲ್ಲಕ್ಕಿಂತ ಹೆಚ್ಚು ಚುಚ್ಚಿತು. ತಪ್ಪು ಯಾರದೆಂದು ಊರು ಯೋಚಿಸಿತು. ಯೋಚಿಸಿ, ಮಂಕಾಳಿಯದು ಎಂದು ತೀರ್ಮಾನಿಸಿತು. ವರ್ಷವರ್ಷವೂ ಮೊದಲ ಮಗಳನ್ನು ಅವಳೊಬ್ಬಳೇ ಇಟ್ಟುಕೊಂಡಳಲ್ಲ, ಅದಕ್ಕೇ ಹೀಗಾಯಿತಂತೆ!

ಅವಳು ಅದಕ್ಕೂ ಜಗಳ ಮಾಡಲಿಲ್ಲ. ಚಳಿ ಬೀಳುವ ಮೊದಲು ಪಟ್ಟಿಯ ಮೇಲೆ ಬಿದ್ದ ಕಟ್ಟಿಗೆ, ಹರಿದ ಬಲೆ, ದೋಣಿಯ ಹಲಗೆ ಎಲ್ಲ ಎತ್ತಿ ಆಚೆಗೆ ಹಾಕುತ್ತಿದ್ದಳು. ಮಗಳು ಬರುತ್ತಾಳೆಂದರೆ ಮನೆ ಸಾರಿಸುವುದಿಲ್ಲವೇ, ಹಾಗೆ. ಬೆಳಕು ಕಂಡರೆ ಆಮೆ ಬೆದರುತ್ತದೆ ಎಂದು ಕಡಲ ಕಡೆಯ ಬಾಗಿಲಲ್ಲಿ ದೀಪ ಇಡುತ್ತಿರಲಿಲ್ಲ. ಆ ತಿಂಗಳುಗಳಲ್ಲಿ ಕತ್ತಲಲ್ಲೇ ಉಣ್ಣುತ್ತಿದ್ದಳು. ಊರು ಅವಳನ್ನು ಹುಚ್ಚಿ ಎಂದಿತು.

ತೊಟ್ಟಿಲಿನ ಕೂಸಿಗೆ ಹಲ್ಲು ಬಂತು, ಜಡೆ ಬಂತು. ಅಜ್ಜಿಯ ಮನೆಗೆ ಬಂದಾಗಲೆಲ್ಲ ಅದು ದಂಡೆಗೆ ಓಡಿ ಹೋಗಿ ನೋಡಿ ಬರುತ್ತಿತ್ತು. “ಅಜ್ಜಿ, ಈ ವರ್ಷನೂ ಬರ್ಲಿಲ್ಲ,” ಎನ್ನುತ್ತಿತ್ತು.

“ನಿನ್ನ ವಯಸ್ಸಿನವೇ ಅವು. ನೀನು ಮೊದಲು ದೊಡ್ಡವಳಾಗು, ಅವೂ ಆಗ್ತವೆ,” ಎನ್ನುತ್ತಿದ್ದಳು ಮಂಕಾಳಿ.

ಹುಡುಗಿ ದೊಡ್ಡವಳಾದಳು. ಮದುವೆಯಾಯಿತು. ಬಸುರಿಯಾದಳು. ತಾನು ಹುಟ್ಟಿದ ಮನೆಯಲ್ಲೇ ಹೆರಬೇಕೆಂದು ಹಟ ಹಿಡಿದು ಅಜ್ಜಿಯ ಮನೆಗೆ ಬಂದಳು. ಅಷ್ಟು ಹೊತ್ತಿಗೆ ಮಂಕಾಳಿಗೆ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ. ಚಳಿ ಶುರುವಾಗಿತ್ತು. ಒಂದು ಬೆಳಗ್ಗೆ ಮೊಮ್ಮಗಳ ಕೈ ಹಿಡಿದು ಪಟ್ಟಿಯ ಮೇಲೆ ನಡೆಯುತ್ತಿದ್ದವಳ ಕಾಲು ಒಂದು ತಗ್ಗಿಗೆ ಇಳಿಯಿತು. ಅವಳು ಅಲ್ಲೇ ಕುಳಿತು ಕೈಯಾಡಿಸಿದಳು. ಎರಡು ಕಡೆ ಗೀರು, ನಡುವೆ ಎಳೆದ ಗುರುತು. ಕಡಲಿನಿಂದ ಮೇಲಕ್ಕೆ ಬಂದಿತ್ತು, ಮೇಲಿನಿಂದ ಕಡಲಿಗೆ ಹೋಗಿತ್ತು.

ಮಂಕಾಳಿ ಮರಳನ್ನು ಎರಡೂ ಕೈಯಲ್ಲಿ ತೆಗೆದು ಕಣ್ಣಿಗೆ ಒತ್ತಿಕೊಂಡಳು. ಮೊಮ್ಮಗಳು ಹೊಟ್ಟೆ ಹಿಡಿದುಕೊಂಡು, ಮನೆಮನೆಗೆ ಕೇಳುವಂತೆ ಕೂಗಿದಳು, “ಬಂದಾಳೆ! ಬಂದಾಳೆ!”

ಊರು ಎದ್ದು ಬಂತು. ಬಂದವರು ತಮ್ಮ ತಮ್ಮ ಪಟ್ಟಿ ನೋಡಿಕೊಂಡರು. ಜಾಡು ಒಂದೇ ಕಡೆ ಇರಲಿಲ್ಲ. ಹುಟ್ಟಿದ ದಂಡೆ ಗೊತ್ತಿರುವ ಆಮೆಗೆ ಪಟ್ಟಿಯ ಗಡಿ ಗೊತ್ತೇ? ಸಾಲಿನುದ್ದಕ್ಕೂ, ಮನೆಮನೆಯ ಮುಂದೆ ಅವು ಏರಿ ಬಂದಿದ್ದವು. ಹಿಂದೆ ಎಲ್ಲರಿಗಿಂತ ಮೊದಲು ಪೊರಕೆ ಹಿಡಿದವನು ಈಗ ಮುದುಕನಾಗಿದ್ದ. ಅವನ ಪಟ್ಟಿಯ ಮೇಲೂ ಜಾಡು ಬಿದ್ದಿತ್ತು. ಅವನು ಒಳಗೆ ಓಡಿದ. ಪೊರಕೆ ತರಲು ಓಡಿದ ಎಂದೇ ಎಲ್ಲರೂ ಅಂದುಕೊಂಡರು. ಅವನು ತಂದದ್ದು ಮೀನಿನ ಬುಟ್ಟಿಗಳನ್ನು. ಯಾರೂ ತುಳಿಯದಂತೆ ಜಾಡಿನ ಎರಡೂ ಕಡೆ ಅವನ್ನು ಬೋರಲು ಹಾಕಿ, ನಡುವೆ ನಿಂತು ಗಂಟಲು ಹರಿಯುವಂತೆ ಕೂಗಿದ, “ಮೊದಲ ಮಗಳು ನಮ್ಮನಿಗೇ ಬಂದದ್ದು!”

“ಹೋಗೋ, ನಮ್ಮನಿಗೆ!” ಎಂದ ಪಕ್ಕದವನು.

ಅವತ್ತು ಆ ಊರಿನಲ್ಲಿ ನಡೆದಂಥ ಜಗಳ ಇನ್ನೆಲ್ಲೂ ನಡೆದಿರಲಾರದು. ಮೊದಲು ತಮ್ಮದಲ್ಲ ಎಂದು ಪ್ರಮಾಣ ಮಾಡುತ್ತಿದ್ದವರೆಲ್ಲ ತಮ್ಮದೇ ಎಂದು ಪ್ರಮಾಣ ಮಾಡಿದರು. ನಗುತ್ತಲೇ ಬೈದರು, ಬೈಯುತ್ತಲೇ ಅತ್ತರು. ಕಡೆಗೆ ನ್ಯಾಯ ಕೇಳಲು ಮಂಕಾಳಿಯ ಬಳಿಗೆ ಬಂದರು. ಹುಚ್ಚಿ ಎಂದ ಬಾಯಿಗಳೇ ಅವಳನ್ನು ಅಮ್ಮ ಎಂದವು. ಯಾರ ಪಟ್ಟಿಗೆ ಮೊದಲು ಬಂದಳು, ನೀವೇ ಹೇಳಿ ಎಂದರು.

“ಎಲ್ಲರ ಮನಿಗೂ ಬಂದಾಳೆ,” ಎಂದಳು ಮಂಕಾಳಿ. “ಎಲ್ಲರೂ ಬಾಣಂತನ ಮಾಡಿ.”

ಕಟ್ಟಳೆ ಇತ್ತಲ್ಲ. ಮೊದಲ ಮಗಳು ಬಂದ ಪಟ್ಟಿಯಲ್ಲಿ ಅಗೆಯುವಂತಿಲ್ಲ. ಆ ವರ್ಷ ಸಾಲಿನ ಈ ತುದಿಯಿಂದ ಆ ತುದಿಯವರೆಗೆ ಒಂದು ಮೊಟ್ಟೆಯನ್ನೂ ಯಾರೂ ಮುಟ್ಟಲಿಲ್ಲ. ಸುದ್ದಿ ಕೇಳಿ ವ್ಯಾಪಾರಿ ಬಂದ. ಅವನಿಗೂ ವಯಸ್ಸಾಗಿತ್ತು, ಆದರೆ ತಕ್ಕಡಿ ಹಳೆಯದೇ. ಈ ಸಲ ಯಾರ ಪಟ್ಟಿಗೆ ಕಟ್ಟಳೆ, ಉಳಿದವರದ್ದನ್ನು ನಾನು ಕೊಳ್ಳುತ್ತೇನೆ ಎಂದು ಕೇಳಿದ. ಅವನು ಸಾಲಿನ ಮೊದಲ ಮನೆಯಿಂದ ಕೊನೆಯ ಮನೆಯವರೆಗೆ ನಡೆದ. ಪ್ರತಿ ಮನೆಯವರೂ ಎದೆ ತಟ್ಟಿಕೊಂಡು ನಮ್ಮ ಮನೆಗೆ ಎಂದರು. ಬುಟ್ಟಿಗಳನ್ನು ಬರಿದಾಗಿಯೇ ಹೊತ್ತುಕೊಂಡು ಅವನು ಬಂದ ದಾರಿಯಲ್ಲಿ ಹೋದ. ಮತ್ತೆ ಆ ಕಡೆ ತಲೆಹಾಕಲಿಲ್ಲ.

ಮಂಕಾಳಿಯ ಮೊಮ್ಮಗಳು ಹೆತ್ತಳು. ಊರು ಮರೆತಿದ್ದ ಅಕ್ಕಿ ಬೆಲ್ಲವೆಲ್ಲ ಒಟ್ಟಿಗೆ ನೆನಪಾಗಿ ಬಂತು. ಜಗಲಿಯ ಮೇಲೆ ಕುಳಿತುಕೊಳ್ಳಲು ಜಾಗವಿಲ್ಲದಷ್ಟು ಬಂತು. ಮರಿಗಳು ಇಳಿದ ಸಂಜೆ ಮಂಕಾಳಿಯನ್ನು ಕುರ್ಚಿಯಲ್ಲಿ ಕೂರಿಸಿ ದಂಡೆಗೆ ಹೊತ್ತು ತಂದರು. ಅವಳ ಮಡಿಲಲ್ಲಿ ಮೊಮ್ಮಗಳ ಕೂಸು. ಅವಳು ಅಕ್ಕಿ ಎರಚಿದಳು. “ಹೋಗಿ ಬನ್ನಿ” ಎಂದು ಅವಳು ಹೇಳುವ ಮೊದಲೇ ಊರು ಹೇಳಿತು. ಒಂದೇ ದನಿಯಲ್ಲಿ, ಅಲೆಯ ಸದ್ದು ಕೇಳದಷ್ಟು ಜೋರಾಗಿ ಹೇಳಿತು. ಆ ದನಿ ಕೇಳಲೆಂದೇ ಅವಳು ಅಷ್ಟು ವರ್ಷ ಕತ್ತಲಲ್ಲಿ ಉಂಡಿದ್ದಳು.

ಗುರುಗಳು ಕತೆ ನಿಲ್ಲಿಸಿದರು. ಜಟ್ಟಪ್ಪನ ಮುಖ ಅರಳಿತ್ತು. ಸ್ವಲ್ಪ ಹೊತ್ತಾದ ಮೇಲೆ ಅವನಿಗೆ ಮನೆ ನೆನಪಾಯಿತು, ಅತ್ತಿಗೆ ನೆನಪಾದರು.

“ಚೆನ್ನಾಗಿದೆ ಗುರುಗಳೇ. ನಾವೂ ಕಾಯುತ್ತೇವೆ, ಎಷ್ಟು ವರ್ಷ ಬೇಕಾದರೂ ಕಾಯುತ್ತೇವೆ,” ಎಂದ. “ಆದರೆ ಎದುರು ದಡದವರು ಮೊದಲು ಬಲೆ ಎತ್ತಲಿ. ಅದು ಅವರಿಂದಲೇ ಶುರುವಾಗಬೇಕು, ಅಲ್ಲವೇ?”

“ಹಾಗಾದರೆ ಮನೆಗೆ ಹೋಗುವಾಗ ಆ ಮೂಲೆಯ ಪೊರಕೆ ತೆಗೆದುಕೊಂಡು ಹೋಗು,” ಎಂದರು ಗುರುಗಳು.